ಹದಿಮೂರನೆಯ ಮಡಿಕೆ

ಟುಕುಮಾನ್ ಊರಿನ ರೊಹೇಲಿಯೊನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಿಗಡುಬಿನಂಥ ಎಂಪನಾಡಾಗಳ ಅಂಚು ಹೆಣೆಯುತ್ತಿದ್ದವಳು ನೆಲಿದಾ. ದನದ ಮಾಂಸ ತುಂಬಿದ್ದಕ್ಕೆ ಹದಿಮೂರು ಮಡಿಕೆಯ ಜಡೆ, ಕೋಳಿಯದಕ್ಕೆ ಫೋರ್ಕಿನ ಗೀರು, ಬೋಟಿಯದಕ್ಕೆ ತುದಿಯಲ್ಲೊಂದು ಗಂಟು. ಊರಿನವರು ಅಂಚು ನೋಡಿಯೇ ಕೈ ಹಾಕುತ್ತಿದ್ದರು.

ಹೀಗಿರಲಾಗಿ, ಅಂಗಡಿಗೊಂದು ಆ್ಯಪ್ ಮಾಡಿಕೊಡಲು ರಾಜಧಾನಿಯಿಂದ ಲೌತಾರೊ ಎಂಬ ಜಾಣ ಬಂದ. ಮೊಬೈಲಿನಲ್ಲಿ ಸಾಲಾಗಿ ದುಂಡನೆಯ ಗುಂಡಿಗಳು. ಬೇಕಾದ್ದನ್ನು ಒತ್ತಿದರೆ ಒಳಗೊಂದು ಚುಕ್ಕೆ.

“ಎಲ್ಲಾ ಒಂದೇ ಥರ ಇದಾವಲ್ಲಪ್ಪಾ,” ಎಂದಳು ನೆಲಿದಾ. “ಗುಂಡಿಗಳಿಗೆ ನಮ್ಮ ಅಂಚು ಬರಿ. ಇಲ್ಲಿ ಯಾರು ಅಕ್ಷರ ಓದ್ಕೊಂಡು ತಿಂತಾರೆ?”

“ಡೋನ್ಯಾ ನೆಲಿದಾ, ಒಂದೇ ಥರ ಇದ್ರೇನೇ ಚೆಂದ. ಜಗತ್ತೆಲ್ಲ ಹಂಗೇ ಮಾಡೋದು.”

ರೊಹೇಲಿಯೊ ಗಡ್ಡ ಕೆರೆದುಕೊಂಡ. ಅವನಿಗೆ ಯೋಚನೆ ಬರುವುದು ಅಪರೂಪ. ಬಂದ ದಿನ ಸುತ್ತಲಿನವರು ಹುಷಾರಾಗಿರಬೇಕಿತ್ತು.

“ಪರದೆ ಮೇಲೆ ಒಂದೇ ಥರ, ಡಬ್ಬದಲ್ಲಿ ಬೇರೆ ಬೇರೆ ಥರ ಇದ್ರೆ ಗಿರಾಕಿಗೆ ಗಲಿಬಿಲಿ ಆಗಲ್ವಾ? ಇನ್ಮೇಲೆ ಎಲ್ಲದಕ್ಕೂ ಒಂದೇ ಅಚ್ಚು ಒತ್ತೋಣ. ನೆಲಿದಾ, ಸೋಮವಾರದಿಂದ ನೀನು ಬರೋದು ಬೇಡ.”

ಗುಂಡಿಯನ್ನು ಎಂಪನಾಡಾಕ್ಕೆ ಹೊಂದಿಸುವ ಕಷ್ಟವೇಕೆಂದು ಎಂಪನಾಡಾವನ್ನೇ ಗುಂಡಿಗೆ ಹೊಂದಿಸಿದ ಮಹಾನುಭಾವ! ನೆಲಿದಾ ಹಿಟ್ಟು ಮೆತ್ತಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು, ಅಷ್ಟೆ.

ಅಚ್ಚೊತ್ತಿದ ಮೊದಲ ಡಬ್ಬ ಶನಿವಾರ ಹೋದದ್ದು ರೊಹೇಲಿಯೊನ ಅತ್ತೆ ಎವುಲೋಹಿಯಾಳ ಹುಟ್ಟುಹಬ್ಬಕ್ಕೆ. ಬೋಟಿಯ ವಾಸನೆ ಬಂದರೆ ಬೀದಿಯನ್ನೇ ದಾಟಿ ಹೋಗುವ ಹೆಂಗಸು ಆಕೆ. ತನಗೆ ಕೋಳಿ, ನೆಂಟರಿಗೆ ಬೋಟಿ ಎಂದು ಆ್ಯಪಿನಲ್ಲಿ ಸರಿಯಾಗಿಯೇ ಒತ್ತಿದ್ದಳು. ಡಬ್ಬ ತೆರೆದರೆ ಅವಳಿ ಮಕ್ಕಳಂತೆ ಎರಡು ಡಜನ್. ಒಂದನ್ನೆತ್ತಿ, ನಿಂಬೆ ಹಿಂಡಿ, ನೆಂಟರೆದುರಿಗೆ ಬಾಯಿ ತುಂಬ ಕಚ್ಚಿದಳು.

ಅರ್ಧ ಗಂಟೆಯಲ್ಲಿ ರೇಷ್ಮೆ ಉಡುಪಿನಲ್ಲೇ ಅಂಗಡಿಗೆ ಬಂದಿಳಿದಳು.

“ಅಳಿಯಂದ್ರೇ, ಒಳಗೇನಿದೆ ಅಂತ ತಿಳ್ಕೊಳ್ಳೋಕೆ ನಾನು ಒಂದೊಂದನ್ನೂ ಕಚ್ಚಿ ನೋಡ್ಬೇಕಾ? ಈ ಅಂಗಡಿ ಯಾರ ಹೆಸರಲ್ಲಿದೆ, ನೆನಪಿದೆ ತಾನೆ?”

ರೊಹೇಲಿಯೊಗೆ ಥಟ್ಟನೆ ನೆನಪಾಯಿತು.

ಸೋಮವಾರ ಬೆಳಿಗ್ಗೆ ಅಚ್ಚು ಅಟ್ಟ ಸೇರಿತ್ತು. ನೆಲಿದಾಳ ಮಣೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಲೌತಾರೊ ಗುಂಡಿಗಳನ್ನೆಲ್ಲ ಅರ್ಧಚಂದ್ರ ಮಾಡಿ ಅಂಚು ಬರೆಯುತ್ತಿದ್ದ. ಅವಳು ಬಗ್ಗಿ ಎಣಿಸಿದಳು.

“ಹನ್ನೆರಡೇ ಇದೆ.”

“ಎರಡೂ ಕಡೆ ಆರಾರು, ಡೋನ್ಯಾ. ಸಮನಾಗಿ ಕೂರತ್ತೆ.”

“ಹೌದಾ ಮಗಾ? ಎವುಲೋಹಿಯಮ್ಮನ್ನ ಒಂದ್ಮಾತು ಕೇಳ್ಬಿಡೋಣ್ವಾ?”

ಲೌತಾರೊ ಇಡೀ ಜಡೆ ಅಳಿಸಿ, ಮೊದಲನೆಯ ಮಡಿಕೆಯಿಂದ ಹೆಣೆಯತೊಡಗಿದ.