ಅತ್ತೆಯ ಹೆಸರು

ನನ್ನ ವಾರಗಿತ್ತಿ ಬಿರ್ಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೌದು, ಮುಚ್ಚಿಡುವುದೇನು?

ನಮ್ಮ ಕಂಬಾಟ ಜನರಲ್ಲಿ ಸೊಸೆಯರು ಅತ್ತೆ-ಮಾವಂದಿರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಆ ಹೆಸರಿನ ಮೊದಲಕ್ಷರದಿಂದ ಶುರುವಾಗುವ ಮಾತುಗಳನ್ನೂ ಆಡುವಂತಿಲ್ಲ. ನಮ್ಮ ಭಾಷೆಯಲ್ಲಿ ನನ್ನತ್ತೆಯ ಹೆಸರಿಗೂ ನೀರಿಗೂ ಮೊದಲಕ್ಷರ ಒಂದೇ. ಮದುವೆಯಾಗಿ ಬಂದಾಗಿನಿಂದ ನಾನು ನೀರನ್ನು ನೀರು ಎಂದಿಲ್ಲ, 'ಹೊಳೆಯದು' ಎನ್ನುತ್ತೇನೆ. ಹೆರಿಗೆ ನೋವಿನಲ್ಲಿ ಗಂಟಲು ಒಣಗಿದಾಗಲೂ ಹಾಗೇ ಕೇಳಿದ್ದೆ.

ಬಿರ್ಕೆ ಟಿಂಬಾರೊ ಕಡೆಯವಳು. ನಮ್ಮದೇ ಮಾತು, ಆದರೆ ಎಳೆದೆಳೆದು ಆಡುತ್ತಾಳೆ. ಅವಳ ತವರಿನಲ್ಲಿ ಈ ಕಟ್ಟುಪಾಡು ಬಿಟ್ಟುಹೋಗಿದೆಯಂತೆ. ಬಂದ ವಾರದಲ್ಲೇ ಅಂಗಳದಿಂದ ಕೂಗಿದಳು, "ವೊರ್ಕೇ, ಬಿಸಿಲು ಬಂತು, ಹೊರಗೆ ಬನ್ನಿ!"

ಅತ್ತೆಯ ಹೆಸರು ಹಿಡಿದೇ ಕರೆದುಬಿಟ್ಟಳು! ಅತ್ತೆಯೋ, ಬಿದ್ದು ಬಿದ್ದು ನಕ್ಕರು. "ಬಂದೆ ಕಣೇ ಬಾಯಿಬಡುಕಿ!"

ನನ್ನನ್ನು ಒಮ್ಮೆಯಾದರೂ ಹಾಗೆ ಮುದ್ದಿನಿಂದ ಬೈದಿದ್ದರೇ? ಇಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ಯಾರ ಮನೆಯಲ್ಲಿರುತ್ತಾರೆಂಬ ಮಾತು ಬಂತು. ಭಾನುವಾರ ಹೇಳುತ್ತೇನೆ ಎಂದರು. ಬಿರ್ಕೆಯ ಮನೆಗೇ ಹೋಗುತ್ತಾರೆ, ನೋಡುತ್ತಿರಿ ಎಂದು ನಾನು ಗಂಡನ ತಲೆ ತಿಂದೆ.

ಭಾನುವಾರ ಬಟ್ಟೆಯ ಗಂಟು ಹಿಡಿದು ನಮ್ಮ ಮನೆಗೆ ಬಂದು ಕೂತರು. ಬಾಳೆಯಂಥ ಎನ್ಸೆಟ್ ಗಿಡಗಳ ಆಚೆಗೇ ಬಿರ್ಕೆಯ ಮನೆ. ಓಹೋ, ಹೇಳಿ ಹೋಗಲು ಬಂದಿದ್ದಾರೆ ಎಂದುಕೊಂಡೆ. ಬೆಣ್ಣೆ ಹಾಕಿದ ಕಾಫಿ ಮುಂದಿಟ್ಟು, ಬಿರ್ಕೆಯ ರಾಗದಲ್ಲೇ ಆ ಹೆಸರು ಹಿಡಿದು ಕರೆದೆ. "ಕುಡೀರಿ, ಆರಿಹೋಗುತ್ತೆ."

ಅತ್ತೆಯ ಕೈ ಅಲ್ಲೇ ನಿಂತಿತು. "ಏನಂದೆ ಅರೆಗಾಶ್?"

"ಬಿರ್ಕೆ ಕರೆದ್ರೆ ನಗ್ತೀರಲ್ಲ! ನಾನು ಕರೆದ್ರೆ ತಪ್ಪಾ?"

"ಅವಳಿಗೆ ಗೊತ್ತಿಲ್ಲ, ನಗ್ತೀನಿ. ನೀನು ಬಾಯಾರಿ ಸಾಯ್ತಿದ್ದಾಗ್ಲೂ ನನ್ನ ಹೆಸರು ಕಾದೋಳು. ನಿನ್ನ ಮನೇಲೇ ಕಣ್ಣು ಮುಚ್ಬೇಕು ಅಂತ ಗಂಟು ಕಟ್ಕೊಂಡು ಬಂದೆ."

ನಾನು ಕಾಲು ಹಿಡಿದೆ. "ಬಿಡೇ" ಎಂದರು, ಅಷ್ಟೇ. ಕಾಫಿ ಮುಟ್ಟಲಿಲ್ಲ. ಗಂಟು ಎತ್ತಿಕೊಂಡು ಬಿರ್ಕೆಯ ಮನೆಗೆ ನಡೆದರು.

ಈಗ ದಿನಾ ಬೆಳಿಗ್ಗೆ ಬೇಲಿಯಾಚೆ ಅವಳು ಅದೇ ಹೆಸರು ಕೂಗುತ್ತಾಳೆ, ಅತ್ತೆ ನಗುತ್ತಾರೆ. ನನ್ನ ಹೊಟ್ಟೆ ಉರಿಯುತ್ತದೆ. ಕೊಡ ಎತ್ತಿಕೊಂಡು, ಅವರ ಕಿವಿಗೆ ಬೀಳಲೆಂದೇ ಮಗಳಿಗೆ ಜೋರಾಗಿ ಹೇಳುತ್ತೇನೆ, "ಹೊಳೇದು ತರೋಕೆ ಹೋಗ್ತಿದ್ದೀನಿ ಕಣೇ!"