ಅಡ್ಡಬಿದ್ದ ತೂತುಗಳು

"ಕೈ ನಡುಗ್ತಿದೆ, ಲವ್," ಎಂದ ಡೆರೆಕ್, ತೂತುಗಳು ಚೆದುರಿದ್ದ ಗುರಿಹಾಳೆಯನ್ನು ಬೆಳಕಿಗೆ ಹಿಡಿದು. "ವಯಸ್ಸಾಗುತ್ತೆ, ಬೇಜಾರು ಮಾಡ್ಕೋಬೇಡ."

ಕೃಷ್ಣವೇಣಿಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷದಿಂದ ಲಂಡನ್ನಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಅವಳು. ಹಸುಗೂಸಿನ ಕೂದಲೆಳೆಯಂಥ ರಕ್ತನಾಳಕ್ಕೂ ಒಂದೇ ಸಲಕ್ಕೆ ಸೂಜಿ ಇಳಿಸುವ ಕೈ ಅದು. ಅದು ನಡುಗುತ್ತದೆಯೆಂದವನು ಹಗಲೆಲ್ಲ ಕಾರ್ಪೆಟ್ ಮಾರಿ, ಸಂಜೆ ಹ್ಯಾರೋ ಬದಿಯ ಈ ಪಿಸ್ತೂಲು ಕ್ಲಬ್ಬಿಗೆ ಕ್ಯಾಪ್ಟನ್ ಆಗುವವನು.

ಅದು ತೊಂಬತ್ತನಾಲ್ಕರ ಏಪ್ರಿಲ್. ಕೌಂಟಿ ಪಂದ್ಯಕ್ಕೆ ನಾಲ್ವರ ತಂಡ. ಮೂರು ಹೆಸರು ಆಗಲೇ ಫಲಕದ ಮೇಲಿದ್ದವು. ನಾಲ್ಕನೆಯದು ಬರುವ ಭಾನುವಾರ ತೀರ್ಮಾನ. ಹೋದ ವರ್ಷ ಒಂದೇ ಅಂಕದಲ್ಲಿ ಅವಳ ಕೈತಪ್ಪಿದ್ದ ಜಾಗ ಅದು. ಈ ವರ್ಷ ಬಿಡುವುದಿಲ್ಲವೆಂದು ಮನೆಯಲ್ಲೆಲ್ಲ ಸಾರಿಯಾಗಿತ್ತು.

ಅವಳು ಪಕ್ಕದವನಿಂದ ಅಂಗಡಿಯ ತೋಟಾ ಆರು ಇಸಿದುಕೊಂಡು ರಿವಾಲ್ವರಿಗೆ ತುಂಬಿ ಹೊಡೆದಳು. ಆರೂ ಒಂದು ಟೀ ಲೋಟದ ಬಾಯಿಯಷ್ಟು ಜಾಗದಲ್ಲಿ ಕೂತವು.

"ಕೈ ನಡುಗಿತೇನು?"

"ಹಾಗಾದರೆ ಅಡುಗೆಯ ತಪ್ಪು," ಎಂದು ಡೆರೆಕ್ ಕಣ್ಣು ಮಿಟುಕಿಸಿದ. "ಮಸಾಲೆ ಡಬ್ಬಿ ಪಕ್ಕದಲ್ಲಿ ಕೂತು ತೋಟಾ ತುಂಬಿದರೆ ಇನ್ನೇನಾಗುತ್ತೆ?"

ಸುತ್ತ ನಿಂತವರು ನಕ್ಕರು. ಪಂದ್ಯದ ಅರವತ್ತೂ ಸುತ್ತು ಅಂಗಡಿಯ ಬಿರುಸು ತೋಟಾ ಹೊಡೆದರೆ ಮಣಿಕಟ್ಟು ಸೋತುಹೋಗುತ್ತದೆ. ಅಲ್ಲಿದ್ದವರೆಲ್ಲ ಮನೆಯಲ್ಲಿ ತಾವೇ ತುಂಬಿಕೊಂಡ ಮೆತ್ತನೆಯ ತೋಟಾವನ್ನೇ ಹೊಡೆಯುವವರು. ಅವರು ಮಾಡಿದರೆ ಕಸುಬು, ಅವಳು ಮಾಡಿದರೆ ಅಡುಗೆ!

ಸ್ಟ್ಯಾನ್ಮೋರಿನ ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಗುರಿಹಾಳೆ, ತೋಟಾ, ತಕ್ಕಡಿ ಎಲ್ಲ ಹರವಿದಳು. ರೋಗಿಯನ್ನು ನೋಡುವಂತೆಯೇ ನೋಡಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ. ಸೋಮವಾರ ಪ್ರತಿ ತೋಟಾದ ಸಿಡಿಮದ್ದನ್ನೂ ಎರಡೆರಡು ಸಲ ತೂಗಿದಳು. ಒಂದು ಕಾಳಿನಷ್ಟೂ ವ್ಯತ್ಯಾಸವಿಲ್ಲ. ಮಂಗಳವಾರ ಕ್ಲಬ್ಬಿನಲ್ಲಿ ಹೊಡೆದಾಗ ಮತ್ತೆ ಚೆಲ್ಲಾಪಿಲ್ಲಿ.

"ನಮ್ಮಮ್ಮನ ಕೆಲಸ ಇರಬೇಕು ಕಣೆ," ಎಂದ ಗಂಡ ಸತ್ಯನಾರಾಯಣ, ಪೇಪರಿನ ಹಿಂದಿನಿಂದ. "ಸಂಕ್ರಾಂತಿಗೆ ದೇವರ ಗಂಟೆ, ದೀಪದ ಜೊತೆ ನಿನ್ನ ತೋಟಾದ ಖಾಲಿ ಹಿತ್ತಾಳೆ ಕೊಳವೆಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ಲಲ್ಲ. ಒಳಗೆ ತೇವ ನಿಂತಿದೆ."

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. "ಏನಂದೆ? ನನ್ನ ಹುಣಸೆಹಣ್ಣಾ? ಎರಡು ದಿನ ಬಾಯ್ಲರ್ ಮೇಲೆ ಒಣಗಿಸಿದೀನಿ! ಐವತ್ತು ವರ್ಷದಿಂದ ಹಿತ್ತಾಳೆ ತಿಕ್ತಿದೀನಿ ಕಣೋ, ನೀನೊಂದು ಚಮಚ ತೊಳೆದಿದ್ದೀಯಾ?"

ಆದರೂ ಕೃಷ್ಣವೇಣಿ ಅದನ್ನೂ ಬಿಡಲಿಲ್ಲ. ಗುರುವಾರ ಹೊಚ್ಚಹೊಸ ಕೊಳವೆಗಳಲ್ಲಿ ತುಂಬಿ ಹೊಡೆದು ಬಂದಳು. ಅದೇ ಹಾಡು.

"ನನ್ನ ಹುಣಸೆಹಣ್ಣು ಗೆದ್ದಿತಾ?" ಎನ್ನುತ್ತ ಅತ್ತೆ ಕನ್ನಡಕ ಏರಿಸಿ ಗುರಿಹಾಳೆ ಎತ್ತಿಕೊಂಡರು. "ಇದೇನಮ್ಮಾ, ತೂತೆಲ್ಲ ಅವರೆಕಾಳಿನ ಹಾಗೆ ಉದ್ದುದ್ದ ಇದೆ? ಆ ಅಂಗಡಿ ತೋಟಾದ್ದು ಗುಂಡಗಿತ್ತಲ್ಲ?"

ಕೃಷ್ಣವೇಣಿ ಹಾಳೆ ಕಿತ್ತುಕೊಂಡಳು. ಅಂಕ ಎಣಿಸುವ ಭರದಲ್ಲಿ ಒಂದು ದಿನವೂ ಅವಳು ತೂತಿನ ಆಕಾರ ನೋಡಿರಲಿಲ್ಲ! ಗುಂಡು ಮೂತಿ ಮುಂದಾಗಿ ಹೋಗದೆ ಅಡ್ಡಡ್ಡ ಉರುಳಿಕೊಂಡು ಹೋಗಿ ಹಾಳೆಗೆ ಬಡಿದಿದೆ.

"ಅತ್ಯಾ! ಕೈ ನಡುಗಿದ್ರ ತೂತಿನ ಜಾಗಾ ಬದಲಾಗ್ತದ, ಆಕಾರ ಬದಲಾಗೂದಿಲ್ಲ! ರಿವಾಲ್ವರಿನ ನಳಿಗಿ ಗುಂಡನ್ನ ಬಿಗಿ ಹಿಡದ ತಿರುಗಿಸವಲ್ದು, ತಿರುಗಲಿಲ್ಲಂದ್ರ ಅದು ನೆಟ್ಟಗ ಹೋಗೂದಿಲ್ಲ."

"ಗುಂಡು ಯಾರು ಕೊಟ್ಟಿದ್ದು?"

"ಡೆರೆಕ್. ಸೀಸ ಕರಗಿಸಿ ತಾನೇ ಎರಕಾ ಹೊಯ್ದು ಮಾಡ್ತಾನ."

"ಅಳೆದು ನೋಡಿದ್ಯಾ?"

ನೋಡಿರಲಿಲ್ಲ. ತನ್ನ ಮದ್ದು, ತನ್ನ ತಕ್ಕಡಿ, ಅತ್ತೆಯ ಹುಣಸೆಹಣ್ಣು ಎಲ್ಲವನ್ನೂ ಕಟಕಟೆ ಹತ್ತಿಸಿದ್ದಳು. ಆದರೆ "ನಿನಗೆಂದೇ ಎತ್ತಿಟ್ಟಿದ್ದೆ" ಎಂದು ಹಿರಿಯನೊಬ್ಬ ಕೈಯಾರೆ ಕೊಟ್ಟ ಗುಂಡಿನ ಡಬ್ಬವನ್ನು ಅಳೆಯುವುದು ಹೇಗೆ? ಹಾಳು ದಾಕ್ಷಿಣ್ಯ! ಧಾರವಾಡದಲ್ಲಿ ಕಲಿತದ್ದು, ಇಷ್ಟು ವರ್ಷವಾದರೂ ಬಿಟ್ಟಿಲ್ಲ. ತನ್ನ ಮೇಲೇ ಸಿಟ್ಟು ಬಂದು ಡ್ರಾಯರನ್ನು ದಢಾರನೆ ಎಳೆದು ಸೂಕ್ಷ್ಮ ಅಳತೆಯ ವರ್ನಿಯರ್ ತೆಗೆದಳು. ಡೆರೆಕ್‌ನ ಗುಂಡುಗಳು ಒಂದೊಂದೂ ಅವಳ ರಿವಾಲ್ವರಿಗೆ ಬೇಕಾದ್ದಕ್ಕಿಂತ ಸಣ್ಣವು. ಕೂದಲಿನ ದಪ್ಪದಷ್ಟು. ಅಷ್ಟು ಸಾಕಿತ್ತು.

ಶನಿವಾರ ಇಲ್ಫರ್ಡಿನ ಅಂಗಡಿಯಿಂದ ಸರಿಯಳತೆಯ ಗುಂಡು ತಂದು, ಅದೇ ಮದ್ದು ತೂಗಿ, ಬೇಕೆಂದೇ ಹುಣಸೆಹಣ್ಣಿನಲ್ಲಿ ಮಿಂದ ಕೊಳವೆಗಳಿಗೇ ತುಂಬಿದಳು.

ಭಾನುವಾರ ಎಲ್ಲರೂ ಸೇರಿದ ಮೇಲೆ ರಿವಾಲ್ವರಿನ ತೋಟಾ ಕೂರುವ ಖಾಲಿ ಸಿಲಿಂಡರು ಕಳಚಿ ಡೆರೆಕ್‌ನ ಮುಂದೆ ಹಿಡಿದಳು. ಹೊಸ ಗುಂಡೊಂದನ್ನು ಅದರ ತೂತಿಗೆ ಬಿಟ್ಟಳು. ಅದು ನಿಂತಿತು, ಬೆರಳಿಂದ ಒತ್ತಿದ ಮೇಲಷ್ಟೇ ಇಳಿಯಿತು. ಆಮೇಲೆ ಡೆರೆಕ್‌ನದನ್ನು ಬಿಟ್ಟಳು. ಅದು ತಾನಾಗಿ ಜಾರಿ ಟಪ್ಪೆಂದು ಮೇಜಿನ ಮೇಲೆ ಬಿತ್ತು.

ಈ ಸಲ ಯಾರೂ ನಗಲಿಲ್ಲ.

"ಓ," ಎಂದ ಡೆರೆಕ್. "ಫೆಬ್ರವರಿಯಲ್ಲಿ ನನ್ನ ಹೊಸ ಪಿಸ್ತೂಲಿಗೆಂದು ಅಳತೆ ಬದಲಾಯಿಸಿದ್ದೆ. ಹೇಳಬೇಕಿತ್ತೇನೋ."

"ಏನೋ?" ಎಂದಳು ಕೃಷ್ಣವೇಣಿ. "ಎರಡು ತಿಂಗಳು ನನ್ನ ಕೈ ನಡುಗುತ್ತಿತ್ತು. ಆಮೇಲೆ ನನ್ನ ಅಡುಗೆಮನೆ ಕೆಟ್ಟಿತ್ತು. ನಿನ್ನ ಅಳತೆಯ ಮಾತನ್ನು ಒಂದು ಸಲವಾದರೂ ಎತ್ತಿದೆಯಾ?"

ಉತ್ತರಕ್ಕೆ ಕಾಯದೆ ತನ್ನ ಸಾಲಿಗೆ ಹೋಗಿ ಅರವತ್ತೂ ಸುತ್ತು ಹೊಡೆದಳು. ಹಾಳೆಗಳು ಬಂದಾಗ ಅವಳು ಮೊದಲು ಅಂಕ ನೋಡಲಿಲ್ಲ, ತೂತು ನೋಡಿದಳು. ಎಲ್ಲ ಗುಂಡಗಿದ್ದವು, ಎರಡನ್ನು ಬಿಟ್ಟರೆ ಎಲ್ಲವೂ ಕಪ್ಪು ವೃತ್ತದೊಳಗೆ. ಡೆರೆಕ್ ಎರಡು ಸಲ ಎಣಿಸಿದ. ಆಮೇಲೆ ಫಲಕದ ಹತ್ತಿರ ಹೋಗಿ, ಯಾರ ಕಡೆಗೂ ತಿರುಗದೆ, ನಾಲ್ಕನೆಯ ಹೆಸರು ಬರೆದ.

ಹೊರಡುವಾಗ ಬಾಗಿಲ ಹತ್ತಿರ ಡಬ್ಬವೊಂದನ್ನು ಚಾಚಿದ. "ಹಳೇ ಅಳತೆಯವು. ನಿನಗೆಂದೇ ಎತ್ತಿಟ್ಟಿದ್ದೆ. ದುಡ್ಡು ಬೇಡ."

ಅವಳ ಬಲಗೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲಿ ಅದನ್ನು ತಡೆದು ಕೋಟಿನ ಜೇಬಿಗಿಳಿಸಿ ವರ್ನಿಯರ್ ಹೊರತೆಗೆದಳು.

"ಮುಚ್ಚಳ ತೆಗಿ," ಎಂದಳು. "ನಿನ್ನೆದುರಿಗೇ ಅಳೀತೀನಿ."