ಕಿಟಕಿಯೊಳಗೆ ಎಸೆದ ಬ್ಯಾಗು

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದರಲ್ಲಿ ಹನಗೋಡಿನ ಸಿದ್ದಲಿಂಗಮ್ಮನನ್ನು ಮೀರಿಸಿದವರಿಲ್ಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅವಳ ಟವೆಲ್ಲೋ ಚೀಲವೋ ಕಿಟಕಿಯೊಳಗೆ ಬಿದ್ದಿರುತ್ತಿತ್ತು. ಆ ಸೀಟಿನಲ್ಲಿ ಯಾರಾದರೂ ಕೂತರೆ ಅವರ ಗತಿ ಕೇಳುವುದೇ ಬೇಡ. ಡ್ರೈವರು ಟೀ ಕುಡಿದು ಊರ ಸುದ್ದಿಯೆಲ್ಲ ಮುಗಿಸಿ ಬರುವ ಹೊತ್ತಿಗೆ ಅವಳು ನಿಧಾನವಾಗಿ ಹತ್ತುತ್ತಿದ್ದಳು.

ಮಗಳು ಅನುವಿಗೆ ಮಂಗಳೂರಿನ ಆಚೆ, ಕಡಲ ಪಕ್ಕದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಈ ದಿನ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಒರಿಜಿನಲ್ ಸರ್ಟಿಫಿಕೇಟು ತೋರಿಸಿ ಸೇರಿಕೊಳ್ಳಬೇಕು, ತಪ್ಪಿದರೆ ಕೆಲಸ ಪಟ್ಟಿಯಲ್ಲಿ ನಂತರದವರಿಗೆ. ಹನಗೋಡಿನಿಂದ ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೆ.ಆರ್. ನಗರಕ್ಕೆ ಇನ್ನೊಂದು, ಆಮೇಲೆ ರಾತ್ರಿಯ ಮಂಗಳೂರು ರೈಲು. ಅದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಮತ್ತೊಂದು ಲೋಕಲ್ ರೈಲು ಹತ್ತಿ ಈ ಪುಟ್ಟ ಸ್ಟೇಷನ್ನಿನಲ್ಲಿ ಇಳಿದಾಗ ಹತ್ತು ಗಂಟೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ದಿನವಿಡೀ ನಿಂತು ಅಭ್ಯಾಸವಾಗಿದ್ದ ಸಿದ್ದಲಿಂಗಮ್ಮನಿಗೇ ಮೊಣಕಾಲು ಕೈಕೊಟ್ಟಿತ್ತು. ಅನುವಿನ ಮುಖವಂತೂ ಬಾಡಿಹೋಗಿತ್ತು.

ಸ್ಟೇಷನ್ನಿನ ಹೊರಗೆ ಬಿಸಿಲು, ಮೀನಿನ ವಾಸನೆ, ತೆಂಗಿನ ಮರಗಳ ಆಚೆ ಸಮುದ್ರದ ಸದ್ದು. ಆಸ್ಪತ್ರೆಯ ಕಡೆಗೆ ಹೋಗುವ ಸಿಟಿ ಬಸ್ಸು ಆಗಷ್ಟೇ ಬಂದು ನಿಂತಿತು.

ರಾತ್ರಿಯೆಲ್ಲ ನಿಂತು ಬಂದ ಮಗಳು ಇಲ್ಲಾದರೂ ಕೂರಲಿ ಎಂದು ಸಿದ್ದಲಿಂಗಮ್ಮ ಕೈಗೆ ಸಿಕ್ಕಿದ್ದನ್ನು ಕಿಟಕಿಯೊಳಗೆ ಎಸೆದಳು. ಸಿಕ್ಕಿದ್ದು ಸರ್ಟಿಫಿಕೇಟಿನ ಬ್ಯಾಗು. ಬಟ್ಟೆಯ ಬ್ಯಾಗು ಎತ್ತಿಕೊಂಡು ಇಬ್ಬರೂ ಬಾಗಿಲ ಹತ್ತಿರ ಬರುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟೇ ಹೋಯಿತು. ಅದರಲ್ಲಿ ಮುಕ್ಕಾಲು ಪಾಲು ಸೀಟು ಖಾಲಿಯಿದ್ದವು.

"ಏಯ್, ನಿಲ್ಸ್ಲಾ! ಬ್ಯಾಗದೆ ಕಣ್ಲಾ!" ಎಂದು ಸಿದ್ದಲಿಂಗಮ್ಮ ಕುಂಟುತ್ತಲೇ ಓಡಿದಳು.

"ಬಸ್ಸೇ ಖಾಲಿ ಇತ್ತಲ್ಲವ್ವಾ! ಯಾರ್ ಏಳಿದ್ರು ನಿಂಗೆ ಸೀಟ್ ಇಡಿ ಅಂತ?" ಅನು ಅಳುತ್ತಾ ಕಿರುಚಿದಳು. "ನೀನು ಬರ್ದೇ ಇದ್ದಿದ್ರೇ ಚೆನ್ನಾಗಿತ್ತು!"

ಸಿದ್ದಲಿಂಗಮ್ಮ ಏದುಸಿರು ಬಿಡುತ್ತಾ ಸ್ಟಾಪಿಗೆ ವಾಪಸು ಬಂದಳು.

ಬಸ್ಸುಗಳ ಹೊತ್ತು ಬರೆಯುವ ಟೈಮ್‌ಕೀಪರ್ ಛತ್ರಿ ಮಡಚಿ ಬಂದ. "ಎಂತ ಆಯ್ತು ಅಮ್ಮ? ಇಲ್ಲಿ ಬಸ್ಸು ನಿಲ್ಲುವುದೇ ಅರ್ಧ ನಿಮಿಷ ಮಾರಾಯ್ರೆ" ಎನ್ನುತ್ತಲೇ ಕಂಡಕ್ಟರಿಗೆ ಫೋನು ಹಚ್ಚಿದ. ಬ್ಯಾಗು ಸಿಕ್ಕಿತು. ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಿನಲ್ಲಿ ಕೊಡುತ್ತಾನಂತೆ. ಆದರೆ ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆ, ಆಟೋಗಳೆಲ್ಲ ರೈಲಿಳಿದವರನ್ನು ತುಂಬಿಕೊಂಡು ಹೋಗಿಯಾಗಿತ್ತು. ಅಷ್ಟರಲ್ಲಿ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವ ಪುಷ್ಪಾ ಡ್ಯೂಟಿ ಮುಗಿಸಿ ಸ್ಕೂಟರ್ ತೆಗೆಯುತ್ತಿದ್ದಳು. ಟೈಮ್‌ಕೀಪರ್ ಅವಳನ್ನು ಕೂಗಿ ವಿಷಯ ಹೇಳಿದ. "ಒಬ್ಬರು ಕೂತ್ಕೊಳ್ಳಿ, ಬೇಗ" ಎಂದಳು ಪುಷ್ಪಾ.

ಅನು ಹತ್ತಿದಳು. ತಿರುಗಿ ನೋಡಲಿಲ್ಲ.

ಸಿದ್ದಲಿಂಗಮ್ಮ ಬಟ್ಟೆಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಮೂರು ವರ್ಷ ಕಷ್ಟಪಟ್ಟು ಓದಿದ ಮಗಳ ಕೆಲಸ ಒಂದು ಸೀಟಿಗೋಸ್ಕರ ಹೋಗಿಬಿಟ್ಟರೆ ಊರಿಗೆ ಹೇಗೆ ಮುಖ ತೋರಿಸುವುದು? ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಬಸ್ಸು ಬಂತು. ಅವಳು ಹತ್ತಲಿಲ್ಲ, ಮಗಳು ಕರೆಯದೆ ಹೋಗಲು ಧೈರ್ಯವಾಗಲಿಲ್ಲ.

ಫೋನು ಬಂದಾಗ ಹನ್ನೊಂದೂವರೆ.

"ಸೇರ್ಕಂಡೆ ಕಣವ್ವ. ಐದ್ ನಿಮಿಷ ಇತ್ತು ಅಷ್ಟೇ."

"ಸದ್ಯ, ಬದುಕ್ದೆ! ನಾನೂ ಬತ್ತೀನಿ ಇರು, ಮುಂದಿನ್ ಬಸ್ಸಿಗೆ."

"ಬ್ಯಾಡ ಕಣವ್ವ. ಈಗ್ಲಿಂದ್ಲೇ ಡ್ಯೂಟಿ ಆಕವ್ರೆ, ಸಂಜೆಗಂಟ ಈಚೆ ಬುಡಲ್ಲ. ಬಟ್ಟೆ ಬ್ಯಾಗ್ ಬಸ್ನೋರ್ ತಾವ ಕೊಟ್ಟು ಕಳ್ಸು. ಮೂರ್ ಗಂಟೆ ರೈಲಿಗೆ ನೀನು ಒಂಟೋಗು. ಕರೀತಾವ್ರೆ, ಇಡ್ತೀನಿ."

ಬಟ್ಟೆಯ ಬ್ಯಾಗನ್ನು ಟೈಮ್‌ಕೀಪರ್ ಮುಂದಿನ ಬಸ್ಸಿಗೆ ಹಾಕಿ ಕಳಿಸಿದ. ಕೆಲಸ ಉಳಿಯಿತೆಂದು ಸಿದ್ದಲಿಂಗಮ್ಮನಿಗೆ ಸಂತೋಷವಾಗಿದ್ದು ನಿಜ. ಆದರೂ ಕಣ್ಣು ತುಂಬಿಕೊಂಡವು. ಬಿಳಿ ಬಟ್ಟೆ ಹಾಕಿಕೊಂಡು ಮಗಳು ಆಸ್ಪತ್ರೆಯೊಳಕ್ಕೆ ಹೋಗುವುದನ್ನು ನೋಡಬೇಕೆಂದೇ ಅವಳು ಎರಡು ದಿನದ ಕೂಲಿ ಬಿಟ್ಟು ಬಂದಿದ್ದಳು.

"ರೈಲಿಗೆ ಇನ್ನೂ ಟೈಮುಂಟು ಅಮ್ಮ" ಎಂದ ಟೈಮ್‌ಕೀಪರ್. "ಇಷ್ಟು ದೂರ ಬಂದಿದ್ದೀರಿ. ಸಮುದ್ರ ಇಲ್ಲೇ, ಐದು ನಿಮಿಷ. ನೋಡಿಕೊಂಡು ಬನ್ನಿ."

"ನಾನು ನೋಡಕ್ ಬಂದಿದ್ದು ಸಮುದ್ರನಲ್ಲ ಕಣಪ್ಪ" ಎಂದು ಸಿದ್ದಲಿಂಗಮ್ಮ ಮೊಣಕಾಲು ಹಿಡಿದುಕೊಂಡು ಸ್ಟೇಷನ್ನಿನ ಮೆಟ್ಟಿಲು ಹತ್ತಿದಳು.